ದುಡಿಯುವವನ ಹೆಸರು

ಹೆಸರು ದಾಖಲಾಗುವುದು ದುಡಿಯುವವನಿಗೆ ಹಿತವೋ, ಅಹಿತವೋ? ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಈ ಪ್ರಶ್ನೆ ಎದುರಾಗುತ್ತದೆ. 1930ರಲ್ಲಿ ಗಣಿಯ ಆಡಳಿತವು ಬೆರಳಚ್ಚು ಪಡೆದು ಕೂಲಿಕಾರರನ್ನು ನೋಂದಾಯಿಸಹೊರಟಾಗ ಅವರು ಮುಷ್ಕರ ಹೂಡಿದರು. ಆ ಗಣಿಗಳ ದುಡಿಮೆಯನ್ನು ಇತಿಹಾಸಕಾರ್ತಿ ಜಾನಕಿ ನಾಯರ್ ಆಳವಾಗಿ ಅಭ್ಯಸಿಸಿದ್ದಾರೆ. ಅನೇಕರು ಗುತ್ತಿಗೆದಾರರ ಮೂಲಕ ಬಂದವರು, ಯಜಮಾನನಾರೆಂಬುದೇ ಅಸ್ಪಷ್ಟ. ದಾಖಲೆ ಮಾತ್ರ ಆಡಳಿತದ ಕೈಯಲ್ಲಿ.

2001ರಲ್ಲಿ ಗಣಿಗಳು ಮುಚ್ಚಿದವು. ಅಲ್ಲಿಯ ಜನ ಬಂಗಾರಪೇಟೆಯ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರಿನ ದುಡಿಮೆಗೆ ಹೋಗುತ್ತಾರೆ. ಆ ನಗರದಲ್ಲಿ, ಮೊಬೈಲಿನ ಅಪ್ಪಣೆಯಂತೆ ಊಟ ಮುಟ್ಟಿಸುವವನನ್ನು ಸಂಸ್ಥೆಗಳು ‘ಪಾಲುದಾರ’ನೆನ್ನುತ್ತವೆ, ನೌಕರನೆನ್ನುವುದಿಲ್ಲ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯಿದೆಯೂ ಆ ವಾದವನ್ನು ಬಗೆಹರಿಸದೆ ಬೇರೊಂದು ದಾರಿ ಹಿಡಿಯಿತು. ಕಲ್ಯಾಣ ಮಂಡಳಿಯಲ್ಲಿ ಆತನ ನೋಂದಣಿ. ಪ್ರತಿ ಕೆಲಸಕ್ಕೆ ಅವನಿಗೆ ಸಲ್ಲುವ ಹಣದ ಶೇಕಡ 1ರಿಂದ 5ರವರೆಗೆ ಸಂಸ್ಥೆಯೇ ತೆರಬೇಕಾದ ಕ್ಷೇಮಶುಲ್ಕ. ಕೆಲಸದಿಂದ ತೆಗೆಯುವ ಮುನ್ನ ಸಾಮಾನ್ಯವಾಗಿ 14 ದಿನಗಳ ಸಕಾರಣ ನೋಟೀಸು.

ಹಾಗಾದರೆ ಅಂದು ಭಯ ಹುಟ್ಟಿಸಿದ ದಾಖಲೆಯೇ ಇಂದು ಹಕ್ಕಿನ ಆಧಾರ. ಆದರೆ ಹೆಸರುಗಳ ಪಟ್ಟಿಯನ್ನು ಮಂಡಳಿಗೆ ಒಪ್ಪಿಸಬೇಕಾದವರು ಸಂಸ್ಥೆಗಳೇ. ಅದರಲ್ಲಿ ಬಿಟ್ಟುಹೋದವನಿಗೆ ಈ ಕಾಯಿದೆಯ ನೆರಳು ಸುಲಭವಾಗಿ ದಕ್ಕದು. ಆದುದರಿಂದ, ದುಡಿಯುವವನು ಮೊದಲು ಕೇಳಬೇಕಾದುದು: ಪಟ್ಟಿಯಲ್ಲಿ ನನ್ನ ಹೆಸರಿದೆಯೇ?