ಬಿ.ಎಸ್ಸಿ. ಫಿಸಿಕ್ಸ್ ಆದ ಮೇಲೆ ಮುಂದೇನು?



"ಸಾರ್, ಫಿಸಿಕ್ಸ್ ಓದಿದ್ರೆ ಟೀಚರ್ ಕೆಲಸ ಬಿಟ್ಟು ಬೇರೇನು ಸಿಗುತ್ತೆ?" ನಮ್ಮ ಸೋಮಂದೇಪಲ್ಲಿ ಕಡೆ ಮಕ್ಕಳೂ ಕೇಳ್ತಾರೆ, ಅವರ ಅಪ್ಪ ಅಮ್ಮಂದಿರೂ ಕೇಳ್ತಾರೆ. ನಾನು ಬಿ.ಎಸ್ಸಿ., ಬಿ.ಎಡ್. ಮಾಡಿ ಮೇಷ್ಟ್ರಾದವನು. ಈ ಕೆಲಸ ನನಗಿಷ್ಟ. ಆದರೆ ಬೇರೆ ದಾರಿಗಳೂ ಇವೆ ಎಂದು ನನಗೆ ಆಗ ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಿಂದೂಪುರದಲ್ಲಿ ಬೆಂಗಳೂರು ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೇ ಗೌರಿಬಿದನೂರು ಬರುತ್ತದೆ. ಅಲ್ಲಿ 1976ರಲ್ಲಿ ಶುರುವಾದ ರೇಡಿಯೋ ವೀಕ್ಷಣಾಲಯವಿದೆ. ಸೂರ್ಯನಿಂದ ಬರುವ ರೇಡಿಯೋ ಅಲೆಗಳನ್ನು ಆಂಟೆನಾಗಳಲ್ಲಿ ಹಿಡಿದು ಅಧ್ಯಯನ ಮಾಡುತ್ತಾರೆ. ನಾವು ಓದುವ ಅಲೆಗಳ ಪಾಠವೇ ಅಲ್ಲಿಯವರ ದಿನದ ಕೆಲಸ! ಅದೇ ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಎಚ್. ನರಸಿಂಹಯ್ಯ, ಓದಲಿಕ್ಕಾಗಿ ಬೆಂಗಳೂರಿಗೆ ನಡೆದೇ ಹೋದರು. ಫಿಸಿಕ್ಸ್ ಮೇಷ್ಟ್ರಾದರು, ಅಮೆರಿಕದಲ್ಲಿ ಪಿಎಚ್.ಡಿ. ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು.

ಈಗ ದಾರಿಗಳನ್ನು ನೋಡೋಣ.

1. ಸಂಶೋಧನೆ: 'ಜಾಮ್' ಪರೀಕ್ಷೆ ಬರೆದರೆ ಐಐಟಿಗಳಲ್ಲಿ ಎಂ.ಎಸ್ಸಿ., ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಟಿಗ್ರೇಟೆಡ್ ಪಿಎಚ್.ಡಿ. ಸೇರಬಹುದು. ಡಿಗ್ರಿಯ ಕೊನೆಯ ವರ್ಷದಲ್ಲೇ ಅರ್ಜಿ ಹಾಕಬಹುದು. ಪರೀಕ್ಷೆ ಸಾಮಾನ್ಯವಾಗಿ ಫೆಬ್ರವರಿಯಲ್ಲಿ.

2. ನೇರ ಕೆಲಸ: ಹವಾಮಾನ ಇಲಾಖೆಯಲ್ಲಿ ಸೈಂಟಿಫಿಕ್ ಅಸಿಸ್ಟೆಂಟ್, ಅಣುಶಕ್ತಿ ಇಲಾಖೆಯಲ್ಲಿ ಸ್ಟೈಪೆಂಡ್ ಸಹಿತ ತರಬೇತಿ, ಆಮೇಲೆ ನೌಕರಿ. ಇವಕ್ಕೆ ಫಸ್ಟ್ ಕ್ಲಾಸ್ ಬೇಕು. ನೇಮಕಾತಿ ಪ್ರತಿ ವರ್ಷವೂ ಕರೆಯುವುದಿಲ್ಲ, ಕಾಯಬೇಕಾಗುತ್ತದೆ.

3. ಆಸ್ಪತ್ರೆ: ಕ್ಯಾನ್ಸರ್ ರೋಗಿಗೆ ಎಷ್ಟು ವಿಕಿರಣ, ಯಾವ ಕೋನದಿಂದ ಬೀಳಬೇಕೆಂದು ಲೆಕ್ಕ ಹಾಕುವವರು ಮೆಡಿಕಲ್ ಫಿಸಿಸಿಸ್ಟ್. ಇದಕ್ಕೆ ಎಂ.ಎಸ್ಸಿ. ಮಟ್ಟದ ಓದು ಮತ್ತು ವಿಶೇಷ ತರಬೇತಿ ಬೇಕು.

4. ಬಿ.ಎಡ್., ಎಂ.ಸಿ.ಎ., ಬ್ಯಾಂಕ್, ಗ್ರೂಪ್ಸ್ ಪರೀಕ್ಷೆಗಳು ನಿಮಗೆ ಗೊತ್ತಿರುವವೇ.

ನಿಜ ಹೇಳಬೇಕೆಂದರೆ, ಬರೀ ಬಿ.ಎಸ್ಸಿ. ಸರ್ಟಿಫಿಕೇಟ್ ಹಿಡಿದು ಹೋದರೆ ಒಳ್ಳೆ ಕೆಲಸ ಸಿಗುವುದು ಕಷ್ಟ. ಅದು ಮೊದಲ ಮೆಟ್ಟಿಲು. ಎರಡನೇ ಮೆಟ್ಟಿಲು ಯಾವುದೆಂದು ಡಿಗ್ರಿ ಸೇರುವಾಗಲೇ ಯೋಚಿಸಿ. ಗಣಿತವನ್ನು ಮಾತ್ರ ಬಿಡಬೇಡಿ. ಅದನ್ನು ಬಿಟ್ಟರೆ ಮೇಲಿನ ಎಷ್ಟೋ ಬಾಗಿಲು ಮುಚ್ಚುತ್ತವೆ.

"ನಾವು ಕನ್ನಡ ಮೀಡಿಯಂ, ಆಗುತ್ತಾ ಸಾರ್?" ಆಗುತ್ತೆ. ಜಾಮ್ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೇ ಇರುತ್ತದೆ, ನಿಜ. ಆದರೆ ವೇಗೋತ್ಕರ್ಷ ಅರ್ಥವಾದವರಿಗೆ ಆಕ್ಸಲರೇಷನ್ ಬರೀ ಹೊಸ ಹೆಸರು, ಹೊಸ ಪಾಠವಲ್ಲ. ಇವತ್ತಿನಿಂದಲೇ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಎರಡೂ ಹೆಸರುಗಳನ್ನು ಪಕ್ಕಪಕ್ಕ ಬರೆಯುತ್ತಾ ಹೋಗಿ. ದಿನಕ್ಕೆ ಐದು ಸಾಕು.