ನಿಂತ ಉಪಗ್ರಹ, ಓಡುವ ಉಪಗ್ರಹ

ಮಾಳಿಗೆಯ ಮೇಲೆ ಒಮ್ಮೆ ಕೂರಿಸಿದ ಟಿ.ವಿ. ಡಿಶ್ಶನ್ನು ಮತ್ತೆ ತಿರುಗಿಸಬೇಕಾಗುವುದಿಲ್ಲ, ಏಕೆ? ಅದಕ್ಕೆ ಸಂಕೇತ ಕಳಿಸುವ ಉಪಗ್ರಹವು ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿಯ ತಿರುಗುವಿಕೆಗೆ ಸರಿಯಾಗಿ ಸುತ್ತುತ್ತದೆ. ಹೀಗಾಗಿ ನಮಗೆ ಅದು ನಿಂತಲ್ಲೇ ನಿಂತಂತೆ. 1975-76ರಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಕೃಷಿ ಕಾರ್ಯಕ್ರಮ ತಲುಪಿದ್ದು ಇಂತಹದೇ ಒಂದು ಅಮೆರಿಕದ ಉಪಗ್ರಹದಿಂದ. ಆಗಿನ ಡಿಶ್ಶುಗಳನ್ನು ಕೋಳಿಗೂಡಿನ ತಂತಿ ಬಲೆಯಿಂದ ಮಾಡಿದ್ದರು!

ಸಮಭಾಜಕ ನಮಗೆ ದಕ್ಷಿಣಕ್ಕಿದೆ. ಆದ್ದರಿಂದ ಡಿಶ್ಶಿನ ಮುಖ ದಕ್ಷಿಣಕ್ಕೆ, ಸಾಮಾನ್ಯವಾಗಿ ತುಸು ಆಗ್ನೇಯಕ್ಕೆ ಇರುತ್ತದೆ. ಆ ಕಡೆ ತೆಂಗು, ಸಿಲ್ವರ್ ಓಕ್ ಬೆಳೆದು ಅಡ್ಡ ಬಂದರೆ ಚಿತ್ರ ಕೆಡುತ್ತದೆ. ರಿಪೇರಿಯವರನ್ನು ಕರೆಯುವ ಮೊದಲು ಮರದ ಕಡೆ ನೋಡಿ.

ಕೈಯಲ್ಲಿ ಹಿಡಿದು ಓಡಾಡುವ ಫೋನಿನ ಮಾತು ಬೇರೆ. ಡಿಶ್ ಇಲ್ಲದ ಅಂತಹ ಫೋನಿಗೆ ಉಪಗ್ರಹ ಹತ್ತಿರವಿದ್ದರೆ ಅನುಕೂಲ. ಇರಿಡಿಯಂ ವ್ಯವಸ್ಥೆಯ 66 ಉಪಗ್ರಹಗಳು ಸುಮಾರು 780 ಕಿ.ಮೀ. ಎತ್ತರದಲ್ಲಿ ಓಡುತ್ತಿರುತ್ತವೆ. ನೀರು ಹಾಯಿಸುವವರು ಸರದಿ ಬದಲಿಸುವಂತೆ, ಒಂದು ಮರೆಯಾಗುವಾಗ ಇನ್ನೊಂದು ಕರೆಯನ್ನು ವಹಿಸಿಕೊಳ್ಳುತ್ತದೆ. ನಡುಸಮುದ್ರದ ಹಡಗಿಗೂ ಹೀಗೆ ಮಾತು ಮುಟ್ಟುತ್ತದೆ.

ಪರದೇಶದಲ್ಲಿರುವ ನೆಂಟರು ಇಂತಹ ಫೋನು ತಂದುಕೊಟ್ಟರೆ ಮಾತ್ರ ಎಚ್ಚರ: ನಮ್ಮ ದೇಶದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಬಳಸುವುದು ಅಪರಾಧ.