ಬೋಳುಗುಡ್ಡದ ನೆತ್ತಿಗೆ

ನಮ್ಮ ಕುಟುಂಬಗಳಲ್ಲಿ ಪ್ರವಾಸವೆಂದೊಡನೆ ನೆನಪಿಗೆ ಬರುವುದು ದೂರದ ಊರುಗಳೇ. ರಜೆ ಬಂತೆಂದರೆ ವೇಳಾಂಗಣಿಗೋ, ಗೋವೆಗೋ, ಮಂಗಳೂರಿನ ಬಂಧುಗಳ ಮನೆಗೋ ರೈಲಿನ ಟಿಕೇಟು ಕಾಯ್ದಿರಿಸುತ್ತೇವೆ. ಬೆಟ್ಟ ಹತ್ತುವ ಮನಸ್ಸಾದರೆ ಮುಳ್ಳಯ್ಯನಗಿರಿ, ಕುದುರೆಮುಖಗಳ ಮಾತು ಬರುತ್ತದೆ. ಕಲಬುರಗಿಯಿಂದ ನಲವತ್ತು ಕಿಲೊಮೀಟರಿನೊಳಗೇ, ಕಮಲಾಪುರದ ಆಸುಪಾಸಿನಲ್ಲಿ, ಹತ್ತಿ ನೋಡತಕ್ಕ ಗುಡ್ಡಗಳಿವೆಯೆಂದರೆ ನಗುವವರೇ ಹೆಚ್ಚು. ಅಲ್ಲೇನಿದೆ, ಬರೀ ಬೋಳು ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಬೋಳಿನ ವಿಷಯವಾಗಿಯೇ ಈ ವಾರ ನಾಲ್ಕು ಮಾತು.

ಕಲಬುರಗಿ ನಗರವು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಹುಮನಾಬಾದ್ ರಸ್ತೆ ಹಿಡಿದು ಹೊರಟರೆ ಮಹಾಗಾಂವ ಕ್ರಾಸ್ ದಾಟುವವರೆಗೂ ಎರಡೂ ಬದಿಗೆ ತೊಗರಿ, ಜೋಳಗಳ ಎರೆಭೂಮಿ. ಕಮಲಾಪುರ ಸಮೀಪಿಸಿದಂತೆ ಅಲ್ಲಲ್ಲಿ ಕಪ್ಪು ಸರಿದು ಕೆಂಪು ಮಣ್ಣು ಕಾಣಿಸಿಕೊಳ್ಳುತ್ತದೆ. ಮುಂದೆ ರಸ್ತೆ ಬಳಸುತ್ತ ಏರತೊಡಗುತ್ತದೆ. ಏರಿ ಮುಟ್ಟುವುದು 600 ಮೀಟರ್ ಆಸುಪಾಸಿನ ಬೀದರ್ ಪ್ರಸ್ಥಭೂಮಿಯನ್ನು. ನಾವು ಗುಡ್ಡವೆಂದು ಕರೆಯುವುದು ಆ ಪ್ರಸ್ಥಭೂಮಿಯ ಹರಿದ ಅಂಚನ್ನೇ ಎನ್ನಬಹುದು. ಆದ್ದರಿಂದಲೇ ಇಲ್ಲಿ ಮೊನಚಾದ ಶಿಖರಗಳಿಲ್ಲ, ನೆತ್ತಿಯೆಲ್ಲ ಚಪ್ಪಟೆ. ಈ ಗುಡ್ಡಸಾಲನ್ನು ಮರಗುತ್ತಿಯ ಬಳಿ ಒಂದೂವರೆ ಕಿಲೊಮೀಟರಿಗೂ ಮಿಕ್ಕಿ ಕೊರೆದು ಸುರಂಗ ಮಾಡಿದ ಮೇಲೆಯೇ ಬೀದರ್–ಕಲಬುರಗಿ ರೈಲುಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಗೊಂಡಿತು. ರೈಲಿನಲ್ಲಿ ಹೋಗುವವರು ಗುಡ್ಡದ ಹೊಟ್ಟೆಯನ್ನು ಹಾದುಹೋಗುತ್ತಾರೆ; ನೆತ್ತಿಯನ್ನು ಮಾತ್ರ ಕಾಣುವುದಿಲ್ಲ.

ನಾವು ನಾಲ್ಕಾರು ಕುಟುಂಬದವರು ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ ಹತ್ತಿದೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಬುತ್ತಿ ಜೊತೆಗಿದ್ದವು. ಬುಡದಲ್ಲಿ ಕುರಿಗಳು ತುಳಿದು ಮಾಡಿದ ಕಾಲುದಾರಿಯೇ ನಮಗೂ ದಾರಿ. ಮೊದಲಿಗೆ ಜಾಲಿ, ಬಾರಿ, ಕವಳಿಯ ಮುಳ್ಳುಕಂಟಿಗಳು, ನಡುನಡುವೆ ತಾನಾಗಿ ಬೆಳೆದ ಸೀತಾಫಲದ ಗಿಡಗಳು. ಅರ್ಧ ಏರಿದ ಮೇಲೆ ಅವೂ ವಿರಳವಾಗಿ ಕಾಲಕೆಳಗೆ ಉರುಟು ಕಲ್ಲು, ಮೊಣಕಾಲೆತ್ತರದ ಹುಲ್ಲು. ಮಕ್ಕಳು ಮುಂದೆ ಓಡಿದರು. ಮೊಣಕಾಲು ನೋವಿನವರು ಎರಡು ಕಡೆ ಕುಳಿತು ಎದ್ದರು. ಒಂದು ಗಂಟೆಯೊಳಗೆ ಎಲ್ಲರೂ ಮೇಲಿದ್ದೆವು.

ಮೇಲೆ ಮರವೇ ಇಲ್ಲ. ಒಣಗಿ ಹೊಂಬಣ್ಣಕ್ಕೆ ತಿರುಗಿದ ಕರಡ ಗಾಳಿಗೆ ಒಂದೇ ದಿಕ್ಕಿಗೆ ಬಾಗುತ್ತಿತ್ತು. ಸುಮ್ಮನೆ ಕುಳಿತ ಹತ್ತು ನಿಮಿಷಗಳಲ್ಲಿ ಬಯಲು ಮೆಲ್ಲನೆ ತನ್ನನ್ನು ತೋರತೊಡಗಿತು. ಕಲ್ಲಿನ ಬಣ್ಣದ್ದೇ ಆದ ನೆಲಗುಬ್ಬಿ ಕಾಲಬಳಿಯಿಂದಲೇ ಎದ್ದು ಮೇಲಕ್ಕೇರಿ ಹಾಡಿತು. ಉದ್ದ ರೆಕ್ಕೆಯ ಸೆಳೆವವೊಂದು ಹುಲ್ಲಿನ ಮೇಲೆ ತೀರ ಕೆಳಗೆ ತೇಲುತ್ತ ಹೋಯಿತು. ಈ ಜಾತಿಯ ಹಕ್ಕಿಗಳು ಚಳಿಗಾಲ ಕಳೆಯಲೆಂದು ಮಧ್ಯ ಏಷ್ಯಾದಿಂದ ಸಾವಿರಾರು ಕಿಲೊಮೀಟರ್ ಹಾರಿ ದಖ್ಖನಿನ ಹುಲ್ಲುಬಯಲುಗಳಿಗೆ ಬರುತ್ತವೆ; ರಾತ್ರಿ ಮರದ ಮೇಲಲ್ಲ, ಹುಲ್ಲಿನಲ್ಲಿ ನೆಲದ ಮೇಲೆಯೇ ತಂಗುತ್ತವೆ. ಕೃಷ್ಣಮೃಗಕ್ಕೂ, ಅದರ ಬೆನ್ನುಹತ್ತುವ ತೋಳಕ್ಕೂ ಬೇಕಾದುದು ಇಂಥದೇ ತೆರಪು ನೆಲ. ಇಲ್ಲಿ ಮರ ಸತ್ತು ಹುಲ್ಲು ಉಳಿಯಿತೆಂದು ತಿಳಿಯಬಾರದು. ತೆಳ್ಳನೆಯ ಮಣ್ಣು, ಮೂರು ನಾಲ್ಕು ತಿಂಗಳ ಮಳೆ, ಉಳಿದಂತೆ ಬಿಸಿಲು. ಇದಕ್ಕೆ ಒಗ್ಗಿದ ಬೆಳೆಯೇ ಹುಲ್ಲು.

ಇನ್ನು ಗುಡ್ಡದ ಒಡಲಿನ ಕಥೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾರಸ ಪದರ ಪದರವಾಗಿ ಹೆಪ್ಪುಗಟ್ಟಿ ಕರಿಕಲ್ಲಾಯಿತು. ಬಳಿಕ ಬಿಸಿಲು ಮಳೆಗಳಿಗೆ ಮೇಲಿನ ಪದರ ಕಳಿತು ಹಲವೆಡೆ ಜಂಬಿಟ್ಟಿಗೆಯಾಯಿತು. ಬೀದರ್ ಕೋಟೆಯ ಗೋಡೆಗಳಲ್ಲಿರುವ ಕೆಂಪು ಕಲ್ಲು ಇದೇ. ಜಂಬಿಟ್ಟಿಗೆ ತೂತು ತೂತಾದ ಕಲ್ಲು, ಮಳೆನೀರನ್ನು ಹೀರಿಕೊಳ್ಳುತ್ತದೆ; ಅಡಿಯ ಕರಿಕಲ್ಲು ಅದನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಎರಡೂ ಕೂಡುವಲ್ಲಿ ನೀರು ಝರಿಯಾಗಿ ಹೊರಬರುತ್ತದೆ. ಬೀದರಿನ ಗುರುನಾನಕ್ ಝೀರಾ, ಬಹಮನಿ ಕಾಲದ ಕಾರೇಜಿನ ನೆಲದಡಿಯ ಕಾಲುವೆಗಳು ಈ ಗುಟ್ಟನ್ನೇ ಆಧರಿಸಿವೆ. ಕಮಲಾಪುರದ ಕಣಿವೆಯಲ್ಲಿ, ಗುಡ್ಡಗಳಿಂದ ತೊಳೆದುಬಂದ ಕೆಂಪು ಮೆಕ್ಕಲು ಮಣ್ಣಿನಲ್ಲಿ, ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆ ಬೆಳೆಯುತ್ತದೆ. ಈ ಬಾಳೆಗೆ ನೀರು ಹೆಚ್ಚು ಬೇಕು. ಬಿಸಿಲುನಾಡಿನ ನಡುವೆ ಇಂಥ ಬೆಳೆ ಹೇಗೆಂಬುದಕ್ಕೆ ಉತ್ತರ ಹುಡುಕುವವರು ಒಮ್ಮೆ ತಲೆಯೆತ್ತಿ ಗುಡ್ಡವನ್ನು ನೋಡಬೇಕು. ಹುಲ್ಲು ಮಳೆಯ ಓಟವನ್ನು ತಡೆಯದಿದ್ದರೆ ನೀರು ಇಂಗುವ ಮೊದಲೇ ಹಳ್ಳ ಸೇರಿರುತ್ತಿತ್ತು.

ಇಂಗ್ಲೆಂಡಿನಲ್ಲಿ ಮರವಿಲ್ಲದ ಎತ್ತರದ ಬಯಲಿಗೆ 'ಮೂರ್' ಎನ್ನುತ್ತಾರೆ. ಅಲ್ಲಿ ಮಂಜು, ಜೌಗು, ಕುರುಚಲು ಪೊದೆ. ಇಲ್ಲಿ ಬಿಸಿಲು, ಕರಡ. ಆದರೂ ನೋಟದಲ್ಲಿ ಎರಡಕ್ಕೂ ನಂಟುಂಟು. ಮ್ಯಾಂಚೆಸ್ಟರ್ ನಗರಕ್ಕೆ ಸಮೀಪದ ಕಿಂಡರ್ ಸ್ಕೌಟ್ ಎಂಬ ಗುಡ್ಡದ ಎತ್ತರ 636 ಮೀಟರ್. ಹಕ್ಕಿಬೇಟೆಗಾಗಿ ಜಮೀನುದಾರರು ಅದನ್ನು ಕಾವಲಿನಲ್ಲಿಟ್ಟಿದ್ದರು. 1932ರ ಏಪ್ರಿಲ್ 24ರಂದು ನೂರಾರು ಜನ, ಬಹುಪಾಲು ಗಿರಣಿ ನಗರಗಳ ದುಡಿಯುವ ಯುವಕರು, ಕಾವಲುಗಾರರನ್ನು ಲೆಕ್ಕಿಸದೆ ಹತ್ತಿದರು. ಐವರು ಸೆರೆಮನೆ ಕಂಡರು. ಇಂಥ ತೆರಪು ನೆಲದಲ್ಲಿ ನಡೆದಾಡುವ ಹಕ್ಕನ್ನು ಅಲ್ಲಿಯ ಕಾನೂನು ಒಪ್ಪಿದ್ದು 2000ದಲ್ಲಿ. ಈಗ ಅದೇ ಗುಡ್ಡದ ಕೊರಕಲುಗಳಿಗೆ ಚಿಕ್ಕ ಚಿಕ್ಕ ಒಡ್ಡು ಕಟ್ಟಿ, ನೆತ್ತಿಯ ಜೌಗಿನಲ್ಲಿ ನೀರು ನಿಲ್ಲುವಂತೆ ಮಾಡುತ್ತಿದ್ದಾರೆ.

ನಮ್ಮಲ್ಲಿ ತಡೆಯುವ ಕಾವಲುಗಾರರು ವಿರಳ, ಹತ್ತುವವರು ಇನ್ನೂ ವಿರಳ. ಕಂದಾಯದ ದಾಖಲೆಯಲ್ಲಿ ಇಂಥ ಎಷ್ಟೋ ನೆಲಕ್ಕಿರುವ ಹೆಸರೇ 'ಖರಾಬು'. 2000ದಲ್ಲಿ ಹೊರಬಂದ ದೇಶದ ಪಾಳುಭೂಮಿ ನಕಾಶೆಯೂ ಕಲ್ಲುನೆಲ, ಕುರುಚಲುನೆಲಗಳನ್ನು ಪಾಳಿನ ಲೆಕ್ಕಕ್ಕೇ ಸೇರಿಸಿತು. ಹೆಸರೇ ಹೀಗಿದ್ದ ಮೇಲೆ ಕೇಳುವವರಾರು? ಗಾಯರಾಣದಲ್ಲಿ ಮುರಂ ಅಗೆದು ಸಾಗಿಸಿದರೂ, ಕಸ ಸುರಿದರೂ ಯಾರಿಗೂ ನಷ್ಟವಾದಂತೆ ತೋರುವುದಿಲ್ಲ. ನಷ್ಟವಾಗುವುದು ಕುರಿ ಕಾಯುವವರಿಗೆ, ಕೆಳಗಿನ ಬಾವಿಗಳಿಗೆ. ಒಳ್ಳೆಯ ಮನಸ್ಸಿನಿಂದಲೇ ಆಗುವ ಕೇಡೂ ಒಂದಿದೆ. ಜೂನ್ ತಿಂಗಳು ಬಂತೆಂದರೆ ಸಂಘಸಂಸ್ಥೆಗಳು ಹುಲ್ಲುಗುಡ್ಡದ ಮೇಲೆ ಗುಂಡಿ ತೋಡಿ ಸಸಿ ನೆಡುತ್ತವೆ. ನೀರೆರೆಯುವವರಿಲ್ಲದೆ ಮಾರ್ಚಿಗೆ ಸಸಿ ಒಣಗುತ್ತದೆ. ಅಗೆದ ಜಾಗದ ಹುಲ್ಲು ಮಾತ್ರ ಬೇಗ ಮರಳುವುದಿಲ್ಲ. ಗಿಡ ನೆಡುವವರು ನೆರಳೇ ಇಲ್ಲದ ನಮ್ಮ ಕಲಬುರಗಿಯ ಬೀದಿಗಳಲ್ಲಿ, ಶಾಲೆಯ ಅಂಗಳದಲ್ಲಿ ನೆಡಲಿ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ಬಿಸಿಲಿಗೆ ಬಳಲುವವರು ಬೇಕಾದಷ್ಟು ಜನರಿದ್ದಾರೆ.

ಹೋಗಬಯಸುವವರಿಗೆ ಒಂದೆರಡು ಸೂಚನೆಗಳು. ಮಳೆ ಹಿಂದೆಗೆದ ನವೆಂಬರಿನಿಂದ ಜನವರಿಯವರೆಗೆ ತಕ್ಕ ಕಾಲ. ಮಾರ್ಚ್ ನಂತರ ಮಕ್ಕಳನ್ನೂ ಹಿರಿಯರನ್ನೂ ಕರೆದೊಯ್ಯಲೇಬಾರದು. ಭಾನುವಾರದ ಪೂಜೆ ಮುಗಿಸಿ, ಉಪಾಹಾರ ಮಾಡಿ ಹೊರಟರೆ ಹತ್ತುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಶನಿವಾರದ ನಸುಕೇ ಲೇಸು. ತಲೆಗೊಂದಕ್ಕೆ ಎರಡು ಲೀಟರ್ ನೀರು, ಪಾದ ಮುಚ್ಚುವ ಬೂಟು ಇರಲಿ. ಕಲ್ಲಿನ ಸಂದುಗಳಲ್ಲಿ ಮಂಡಲದ ಹಾವಿರುವುದರಿಂದ ನೋಡದೆ ಕೈಯಿಡಬಾರದು. ಗುಡುಗು ಕೇಳಿಸಿದೊಡನೆ ನೆತ್ತಿ ಬಿಟ್ಟು ಇಳಿಯಬೇಕು. ತೆರಪಿನಲ್ಲಿ ನಿಂತವರನ್ನೂ, ಒಂಟಿ ಮರದಡಿ ನಿಂತವರನ್ನೂ ಸಿಡಿಲು ಬಿಡುವುದಿಲ್ಲ. ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಕಾಯಬೇಕು. ಒಣ ಕರಡದ ನಡುವೆ ಒಲೆ ಹೂಡುವುದಾಗಲಿ, ಬೀಡಿ ಸಿಗರೇಟು ಸೇದುವುದಾಗಲಿ ಸಲ್ಲದು. ಹತ್ತುವ ಮೊದಲು ಬುಡದ ಹಳ್ಳಿಯವರನ್ನು ವಿಚಾರಿಸಿ ಹೊರಡಿರಿ. ಅರಣ್ಯದ ಗಡಿಯಾದರೆ ಇಲಾಖೆಯ ಅಪ್ಪಣೆ ಬೇಕು. ಪೂರ್ವಕ್ಕೆ, 2011ರಲ್ಲಿ ಘೋಷಿತವಾದ ಚಿಂಚೋಳಿ ವನ್ಯಜೀವಿಧಾಮದತ್ತ ಹೋಗುವವರಿಗಂತೂ ಅದು ಕಡ್ಡಾಯ.

ಮರಳುವಾಗ ಕಮಲಾಪುರದಲ್ಲಿ ಕೆಂಪು ಬಾಳೆ ಸಿಕ್ಕರೆ ಕೊಳ್ಳಿರಿ. ದರ ತುಸು ಹೆಚ್ಚೆನಿಸುತ್ತದೆ. ಉಳಿದ ತಳಿಗಳಿಗಿಂತ ಹೆಚ್ಚು ಕಾಲ, ಹೆಚ್ಚು ಗೊಬ್ಬರ ಬೇಡುವ ಬೆಳೆಯದು. ಸಿಪ್ಪೆಯನ್ನು ಮಾತ್ರ ಬಸ್ಸಿನ ಕಿಟಕಿಯಿಂದ ಎಸೆಯದಿರಿ.